ಮೊಹರಿನ ಮೂರು ದಿನ

ಆಕಾಶದಲ್ಲಿ ತಿರುಗಬೇಕಾಗಿದ್ದ ಬಾಟಲಿಗಳು ನಮ್ಮ ಅಡುಗೆಮನೆಗೆ ಬಂದವು. ಬಂದ ದಿನ ಅವುಗಳಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ತಗಡಿನ ಸಾಲಿನ ಮಂದಿಯೆಲ್ಲ ಕೈ ಮುಗಿದೆವು. ಅದನ್ನು ನೆನೆಸಿಕೊಂಡರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮದು ಹಳೇ ಖಣಿ ಕಾಲೋನಿ. ನೆಲಕ್ಕೆ ಹಾಸುವ ಫರ್ಶಿ ಕಲ್ಲು ಕಡಿಯುವವರ ಊರು. ಎರಡೇ ಸಾಲು ಮನೆಗಳು. ಆಫೀಸಿನ ಪಕ್ಕದ್ದು ಫರ್ಶಿ ಸಾಲು: ಗೋಡೆಯೂ ಕಲ್ಲು, ಮಾಳಿಗೆಯೂ ಕಲ್ಲು, ಒಳಗೆ ಕಾಲಿಟ್ಟರೆ ತಂಪು. ಕೂಲಿಗಳ ಮೇಲಿನ ಮುಕಾದಮರು, ಲಾರಿ ಡ್ರೈವರುಗಳು ಇರುವುದು ಅಲ್ಲಿ. ಕಲ್ಲು ತೆಗೆದು ತೆಗೆದು ಬಾವಿಯಂತಾದ ಖಣಿಯ ಅಂಚಿಗೆ ಇರುವುದು ತಗಡಿನ ಸಾಲು. ಅಲ್ಲಿ ನಾವು. ನಾಲ್ಕು ಜಿಲ್ಲೆಗಳ ಮನೆಗಳಿಗೆ ಕಲ್ಲು ಕಡಿದು ಕಳಿಸಿದವರ ತಲೆಯ ಮೇಲೆ ತಗಡು.

ಬೇಸಿಗೆ ನಲವತ್ತೆಂಟು ಡಿಗ್ರಿ ಮುಟ್ಟತೊಡಗಿದ ಮೇಲೆ ತಂತಿಯ ಕರೆಂಟು ನಮ್ಮ ಕಡೆ ಬರುವುದನ್ನೇ ಬಿಟ್ಟಿತು. ಆಗ ಬ್ಯಾಟರಿ ಕಂಪನಿಯವರು ಬಂದರು. ದೊಡ್ಡ ಉಪಗ್ರಹಗಳ ಕಾಲ ಮುಗಿಯಿತಂತೆ. ಈಗ ಸೂಟ್‌ಕೇಸಿನಷ್ಟು ದೊಡ್ಡವು ಸಾವಿರಗಟ್ಟಲೆ ಹಾರುತ್ತವೆ, ಅವಕ್ಕೆ ಬೇರೆ ಬ್ಯಾಟರಿ. ದೊಡ್ಡವುಗಳಿಗೆಂದು ಮಾಡಿಟ್ಟ ನಿಕ್ಕಲ್-ಹೈಡ್ರೋಜನ್ ಬಾಟಲಿಗಳು ಯಾವುದೋ ತಂಪು ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದವು. ಗೇಣಿಗಿಂತ ತುಸು ಉದ್ದ, ಎರಡೂ ತುದಿ ಗುಂಡಗೆ, ಬೆಳ್ಳಿಯ ಹೊಳಪು. ಒಂದು ಚೌಕಟ್ಟಿಗೆ ಇಪ್ಪತ್ತು ಜೋಡಿಸಿ ಮನೆಗೊಂದು ಕೊಟ್ಟರು. ಹಗಲು ಖಣಿಯ ದಂಡೆಯ ಸೋಲಾರ್ ಹಾಳೆಗಳಿಂದ ತುಂಬಿಸಿಕೊಳ್ಳಬೇಕು, ಕತ್ತಲಾದ ಮೇಲೆ ಎರಡು ಫ್ಯಾನು, ಮೂರು ದೀಪ.

ಈ ಬಾಟಲಿಯನ್ನು ತಿಳಿಯಲು ಓದು ಬೇಡ. ಚಾರ್ಜ್ ಮಾಡಿದಷ್ಟೂ ಒಳಗೆ ಹೈಡ್ರೋಜನ್ ಅನಿಲ ಹುಟ್ಟುತ್ತದೆ, ಒತ್ತಡ ಏರುತ್ತದೆ. ಕರೆಂಟು ತೆಗೆದಷ್ಟೂ ಅನಿಲ ಕಡಿಮೆಯಾಗಿ ಒತ್ತಡ ಇಳಿಯುತ್ತದೆ. ಒತ್ತಡ ತೋರಿಸಲು ಹೊರಗೊಂದು ಮುಳ್ಳು. ಐವತ್ತಕ್ಕಿದ್ದರೆ ತುಂಬಿದೆ, ಹತ್ತಕ್ಕಿದ್ದರೆ ಮುಗಿಯಿತು. ಅಷ್ಟೇ.

ಆ ಮುಳ್ಳು ನೋಡುವ ಕೆಲಸ ನನಗೆ ಸಿಕ್ಕಿತು. ಕಂಪನಿಯ ಎಂಜಿನಿಯರ್ ನಿರಂಜನ ಸರ್ ನನ್ನ ಸರ್ಟಿಫಿಕೇಟು ಕೇಳಲಿಲ್ಲ. ಎಂಟನೆಯ ಇಯತ್ತೆಯಲ್ಲಿ ಮಾಸ್ತರರ ಜತೆ ಜಗಳವಾಡಿ ಪಾಟೀಚೀಲ ಅಲ್ಲೇ ಬಿಟ್ಟು ಬಂದವನು ನಾನು. ಅವರು ಒಂದು ಮುಳ್ಳು ತೋರಿಸಿ, "ಎಷ್ಟು?" ಅಂದರು. "ಮೂವತ್ತೇಳು. ಮೂವತ್ತೆಂಟಕ್ಕ ಒಂದ್ ಕೂದಲ ಕಮ್ಮಿ," ಅಂದೆ. ಅವರು ನಕ್ಕು ಬೆನ್ನು ತಟ್ಟಿದರು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಬೆನ್ನು ತಟ್ಟಿದ ಓದಿದ ಮನುಷ್ಯ ಅವರೊಬ್ಬರೇ.

ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಎರಡೂ ಸಾಲು ತಿರುಗಿ, ಪ್ರತಿ ಮನೆಯ ಮುಂದೆ ನಿಂತು ಅಂಕಿಯನ್ನು ಗಟ್ಟಿಯಾಗಿ ಕೂಗುವುದು. ಬರೆದು ಅಂಟಿಸಿದರೆ ಅರ್ಧ ಕಾಲೋನಿಗೆ ಓದಲು ಬರುವುದಿಲ್ಲ. ಕೂಗಿದರೆ ಎಲ್ಲರಿಗೂ ಕೇಳುತ್ತದೆ, ಯಾರೂ ಹೆಚ್ಚು ಉರಿಸುವಂತಿಲ್ಲ. ಮಂದಿ ನನಗೆ ಮುಳ್ಳಪ್ಪ ಎಂದು ಹೆಸರಿಟ್ಟರು. ಕೂಗಿ ಮುಗಿಸಿ ಆಫೀಸಿನ ಯಂತ್ರದ ಕೋಣೆಗೆ ಹೋದರೆ ಸರ್ ತಮ್ಮ ಥರ್ಮಾಸಿನ ಚಹಾವನ್ನೇ ನನಗೂ ಬಗ್ಗಿಸಿ ಕೊಡುತ್ತಿದ್ದರು. ನಾನು ಅಂಕಿ ಹೇಳುತ್ತಿದ್ದೆ, ಅವರು ಪರದೆಯಲ್ಲಿ ತುಂಬುತ್ತಿದ್ದರು.

"ಮನುಷ್ಯ ಸುಳ್ಳು ಹೇಳಬಹುದು ಸಾಬಣ್ಣ. ಮುಳ್ಳು ಹೇಳಲ್ಲ," ಅನ್ನುತ್ತಿದ್ದರು. ನಾನು ಆ ಮಾತನ್ನು ತಾಯಿತದ ಹಾಗೆ ಕಟ್ಟಿಕೊಂಡೆ.

ಶಿವರಾತ್ರಿ ಕಳೆದು ಝಳ ಏರಿದಂತೆ ಮುಂಜಾನೆಯ ಅಂಕಿಗಳು ಬೇರೆ ದಾರಿ ಹಿಡಿದವು. ಫರ್ಶಿ ಸಾಲಿನಲ್ಲಿ ಇಪ್ಪತ್ತೆಂಟು, ಮೂವತ್ತು. ತಗಡಿನ ಸಾಲಿನಲ್ಲಿ ಹದಿನಾಲ್ಕು, ಹನ್ನೆರಡು. ಇಬ್ಬರಿಗೂ ಅವೇ ಎರಡು ಫ್ಯಾನು, ಅವೇ ಮೂರು ದೀಪ. ಫರ್ಶಿ ಸಾಲಿನ ಡ್ರೈವರ್ ಗುರುಲಿಂಗ ಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತ ನಗುತ್ತಿದ್ದ: "ಮುಳ್ಳಪ್ಪಾ, ನಿಮ್ಮ ತಗಡಿನ ಮಂದಿ ಕರೆಂಟ್ ಉಣ್ತಾರೇನು, ಕುಡೀತಾರೇನು?"

ಮೂವತ್ತೊಂದನೆಯ ಮನೆಯ ಕಾಶಿಂಬಿ ನನ್ನ ಅಂಗಿ ಹಿಡಿದು ನಿಲ್ಲಿಸಿದಳು. ಅವಳು ಹೊಲಿಗೆ ಮಷಿನ್ನಿನ ಮೇಲೆ ಬದುಕುವವಳು. "ಏ ಮುಳ್ಳಪ್ಪಾ, ಖುದಾನ ಆಣೆ, ನಿನ್ನೆ ಫ್ಯಾನ್ ಸೈತ ಹಚ್ಚಿಲ್ಲ ನಾ. ಹದಿಮೂರು ಅಂತ ಬಾಯಿ ಮಾಡ್ಲತ್ತೀ. ನಿನ್ ಬಾಯಾಗ ಮಣ್ಣ ಬೀಳ್ಲಿ."

"ನಂದೇನ್ ತಪ್ಪದ ಚಾಚಿ? ಮುಳ್ಳು ಹೇಳ್ತದ, ನಾ ಕೂಗ್ತೀನಿ."

ಜಗಳ ಕೈ ಮೀರಿದಾಗ ಸರ್ ಒಂದು ನಿಯಮ ತಂದರು. ಅಂಕಿ ತೀರ ಕೆಳಗಿಳಿದ ಮನೆಗೆ ಮೊಹರು. ಬಾಟಲಿಯನ್ನು ಐವತ್ತಕ್ಕೆ ತುಂಬಿಸಿ, ಎರಡೂ ತಂತಿ ಬಿಚ್ಚಿ, ತುದಿಗಳ ಮೇಲೆ ಸೀಸದ ಮೊಹರು ಒತ್ತುವುದು. ಮೂರು ದಿನ ಆ ಮನೆಗೆ ಕರೆಂಟಿಲ್ಲ. ಆದರೆ ಬಾಟಲಿ ಮನೆಯೊಳಗೇ ಇರಬೇಕು, ನಾನು ದಿನಾ ಹೋಗಿ ಮುಳ್ಳು ನೋಡಿ ಕೂಗಬೇಕು. ತುಂಬಿಸಿ ಯಾಕೆ ಮೊಹರು ಹಾಕುವುದು ಅಂತ ನಾನೇ ಕೇಳಿದೆ. "ಯಾರಾದರೂ ಕದ್ದರೆ ಗೊತ್ತಾಗಬೇಕಲ್ಲ," ಅಂದರು. ಸರಿಯಾದ ಮಾತು ಅನ್ನಿಸಿತು. ಮೂರೇ ದಿನ ಯಾಕೆ ಅಂತ ಕೇಳಬೇಕೆಂದು ಹೊಳೆಯಲೇ ಇಲ್ಲ.

ಮೊದಲ ಮೊಹರು ಕಾಶಿಂಬಿಯ ಮನೆಗೆ. ಆಮೇಲೆ ಮೂವತ್ತನಾಲ್ಕು, ಆಮೇಲೆ ನಲವತ್ತು. ಮೂರೂ ಮನೆಗಳಲ್ಲಿ ಮೊಹರು ಮೊಹರಿನ ಹಾಗೇ ಇತ್ತು, ಮುಳ್ಳು ಮಾತ್ರ ಇಳಿಯಿತು. ಮೂರನೆಯ ದಿನ ಅರ್ಧಕ್ಕಿಂತ ಕೆಳಗೆ. ನಾನು ನನ್ನ ಬಾಯಿಂದಲೇ ಕೂಗಿದೆ.

ಮೊಹರು ಮುರಿಯದೆ ಕರೆಂಟು ತೆಗೆಯಬಲ್ಲವನು ಯಾರು? ಕಾಲೋನಿಯಲ್ಲಿ ತಂತಿಯ ಕೆಲಸ ಬಲ್ಲವನು ಒಬ್ಬನೇ. ಮೂರೂ ಮನೆಗೆ ವೈರಿಂಗ್ ಮಾಡಿದವನು ಅವನೇ. ಮಾಪಣ್ಣ. ನನ್ನ ಅಕ್ಕ ಭೌರಮ್ಮನ ಗಂಡ, ನಾನು ಮಾವ ಎಂದು ಕರೆಯುವವನು. ಅವ್ವ ಸತ್ತ ಮೇಲೆ ನನ್ನನ್ನು ತಮ್ಮ ಮನೆಯಲ್ಲಿಟ್ಟುಕೊಂಡು, ಪಾಟೀಚೀಲ ಬಿಟ್ಟು ಬಂದ ದಿನ ಒಂದು ಮಾತೂ ಬೈಯದೆ ತನ್ನ ತಟ್ಟೆಯಿಂದ ಅರ್ಧ ರೊಟ್ಟಿ ಮುರಿದು ಕೊಟ್ಟವನು.

ಮಾವ ಇದನ್ನು ಮೊದಲು ನಗೆಯಲ್ಲೇ ತೆಗೆದುಕೊಂಡ. ಮಧ್ಯಾಹ್ನ ಉಣ್ಣಲು ಕೂತಿದ್ದೆವು. ತಗಡು ಟಕ್ ಟಕ್ ಎಂದು ಬಿಸಿಲಿಗೆ ಹಿಗ್ಗುತ್ತಿತ್ತು.

"ಭೌರಾ, ನಿನ್ನ ತಮ್ಮಗ ಖಾರಬ್ಯಾಳಿ ಹೆಚ್ಚಿಗಿ ಹಾಕು. ಕೂಗಿ ಕೂಗಿ ಗಂಟಲ ಒಣಗ್ಯದ. ನಾಳಿ ನನ್ ಹೆಸರಾ ಕೂಗೋದದ."

"ಅಂಥಾ ಮಾತ ಯಾಕ ಆಡ್ತೀರಿ?" ಅಕ್ಕ ಸಾರಿನ ಸೌಟು ಹಿಡಿದು ನಿಂತಳು.

"ಮತ್ತೇನು ಅನ್ಲಿ? ಅಳಿಯಾ, ನಾ ಒಂದ್ ಹೇಳ್ತೀನಿ ಕೇಳು. ಆ ಬಾಟಲಿ ತನ್ನಷ್ಟಕ್ಕ ತಾ ಖಾಲಿ ಆಗ್ಲತ್ತದ. ಹ್ಯಾಂಗ ಅಂತ ನನಗ ತಿಳೀವಲ್ದು. ಆದ್ರ ಆಗ್ಲತ್ತದ. ನಿಮ್ಮ ಸರ್‌ಗೆ ಕೇಳು."

ಕೇಳಿದೆ. ಸರ್ ಸಿಟ್ಟಾಗಲಿಲ್ಲ. "ಎಲ್ಲರ ಎದುರಿಗೇ ನೋಡೋಣ," ಅಂದರು.

ಮರುದಿನ ಮುಂಜಾನೆ ಕಾಟಾದ ಮೇಲೆ ಮಂದಿ ಸೇರಿತು. ಕಾಟಾ ಎಂದರೆ ಕಲ್ಲಿನ ಲಾರಿ ತೂಗುವ ಕಬ್ಬಿಣದ ಹಾಸು. ನಮ್ಮ ಪಂಚಾಯ್ತಿ ನಡೆಯುವುದು ಅಲ್ಲೇ. ಸರ್ ಕಾಶಿಂಬಿಯ ಮನೆಯ ಬಾಟಲಿಗಳನ್ನು ತರಿಸಿ, ಬಕೆಟ್ಟಿನಲ್ಲಿ ಸಾಬೂನು ನೊರೆ ಎಬ್ಬಿಸಿ, ಇಪ್ಪತ್ತಕ್ಕೂ ಮೆತ್ತಿದರು. ಎಲ್ಲರೂ ಬಗ್ಗಿ ಬಗ್ಗಿ ನೋಡಿದೆವು. ಒಂದು ಗುಳ್ಳೆ ಏಳಲಿಲ್ಲ.

"ಸೋರಿದ್ದರೆ ಗುಳ್ಳೆ ಬರಬೇಕಿತ್ತು. ಇದರಿಂದ ಒಂದು ಕಣ ಅನಿಲವೂ ಹೊರಗೆ ಹೋಗಿಲ್ಲ," ಅಂದರು ಸರ್.

"ಹಂಗಾದ್ರ ಎಲ್ಲಿ ಹೋಯ್ತ್ರಿ?" ಮುಕಾದಮ್ ಮೌಲಾಲಿ ಕಾಕಾ ಕೇಳಿದ. ಎರಡೂ ಸಾಲಿನವರು ಮಾತು ಕೇಳುವ ಮನುಷ್ಯ.

ಸರ್ ಸಣ್ಣಗೆ ನಕ್ಕರು. "ಅದು ನನಗಿಂತ ನಿಮಗೇ ಗೊತ್ತಿರಬೇಕು."

ಎಲ್ಲರ ಕಣ್ಣೂ ಮಾವನ ಕಡೆ ತಿರುಗಿದವು. ಗುರುಲಿಂಗ ಎದ್ದ: "ಇನ್ನೇನ್ ಬೇಕ್ರಿ? ಸೋರಿಲ್ಲ, ಮೊಹರ ಮುರದಿಲ್ಲ. ಕೈಚಳಕ ಬಲ್ಲವರ ಕೆಲಸ ಇದು. ಅವನ್ನ ಕಾಲೋನಿಯಾಗ ಇಟ್ಕೋಬ್ಯಾಡ್ರಿ." ಯಾರೂ ಬೇಡ ಅನ್ನಲಿಲ್ಲ. ತಗಡಿನ ಸಾಲಿನವರೂ ಅನ್ನಲಿಲ್ಲ, ಕಾಶಿಂಬಿಯೂ ಅನ್ನಲಿಲ್ಲ. ಮೂರು ದಿನ ಸೆಕೆಯಲ್ಲಿ ಬೆಂದವರಿಗೆ ಒಬ್ಬ ಕಳ್ಳ ಬೇಕಾಗಿತ್ತು.

ಕಾಕಾ ನನ್ನ ಕಡೆ ನೋಡಿದ. "ಸಾಬಣ್ಣ, ನೀ ಅವನ ಮನ್ಯಾಗ ಉಂಡು ಬೆಳದವ. ಮುಳ್ಳು ನೋಡಿದವನೂ ನೀನೇ. ಮಾಪಣ್ಣ ಮುಟ್ಟಿಲ್ಲ ಅಂತ ನೀ ಹೇಳಿದ್ರ ನಾ ಇಲ್ಲಿಗಾ ಮುಗಸ್ತೀನಿ. ಹೇಳ್ತೀಯೇನು?"

ಸರ್ ನನ್ನ ಪಕ್ಕದಲ್ಲೇ ನಿಂತಿದ್ದರು. ಅವರ ಕೈ ನನ್ನ ಹೆಗಲ ಮೇಲಿತ್ತು.

"ಮುಳ್ಳು ಇಳದದ ಕಾಕಾ," ಅಂದೆ. "ಮುಳ್ಳು ಸುಳ್ಳು ಹೇಳಲ್ಲ."

ಮಾವ ಸೊಂಟದ ಪಟ್ಟಿ ಬಿಚ್ಚಿ, ಅದರಲ್ಲಿದ್ದ ಸಾಮಾನು ಸಮೇತ ಕಾಟಾದ ಮೇಲಿಟ್ಟು ಮನೆಗೆ ಹೋದ. ಸಂಜೆಯ ಬಸ್ಸಿಗೆ ಊರು ಬಿಟ್ಟ.

ಇದಾದ ನಾಲ್ಕನೆಯ ದಿನ ಮುಂಜಾನೆ ಅಂಕಿ ಹೇಳಲು ಯಂತ್ರದ ಕೋಣೆಗೆ ಹೋದೆ. ಸರ್ ಹೊರಗೆ ಜೀಪಿನ ಹತ್ತಿರ ಫೋನಿನಲ್ಲಿದ್ದರು. ಯಾವಾಗಲೂ ಬೀಗ ಹಾಕಿರುತ್ತಿದ್ದ ಮೂಲೆಯ ಬೀರು ತೆರೆದಿತ್ತು. ಒಳಗಿಂದ ತಣ್ಣನೆಯ ಗಾಳಿ. ನೋಡಿದರೆ ಒಂದು ಬಾಟಲಿ ಚೌಕಟ್ಟು. ತಂತಿಯಿಲ್ಲ. ತುದಿಗಳ ಮೇಲೆ ಅದೇ ಸೀಸದ ಮೊಹರು. ಮುಳ್ಳು ನಲವತ್ತಮೂರಕ್ಕೆ. ಪಕ್ಕದ ಕಾಗದದಲ್ಲಿ ಸರ್ ಅವರ ಕೈಬರಹ: ಐವತ್ತು, ನಲವತ್ತೇಳು, ನಲವತ್ತೈದು, ನಲವತ್ತಮೂರು. ಈ ಬಾಟಲಿಯನ್ನು ಕದ್ದವರು ಯಾರು? ಇದರ ಬೀಗದ ಕೈ ಇರುವುದು ಸರ್ ಹತ್ತಿರ ಮಾತ್ರ.

ಪರದೆ ನೋಡಿದೆ. ಇಂಗ್ಲಿಷು ನನಗೆ ಬರುವುದಿಲ್ಲ, ಅಂಕಿ ಬರುತ್ತದೆ. ಕಾಶಿಂಬಿಯ ಮನೆ ನಂಬರು ಮೂವತ್ತೊಂದರ ಮುಂದೆ ಐವತ್ತು, ಮೂವತ್ತೆಂಟು, ಇಪ್ಪತ್ತೊಂಬತ್ತು, ಇಪ್ಪತ್ತೆರಡು. ಅವು ನನ್ನ ಗಂಟಲಿನಿಂದ ಹೊರಟ ಅಂಕಿಗಳು. ಕೆಳಗೆ ಮೂವತ್ತನಾಲ್ಕು, ನಲವತ್ತು. ಮೂರೂ ಮನೆಯ ಗೆರೆಗಳು ಒಂದರ ಮೇಲೊಂದು ಮಲಗಿದ ಹಾಗೆ ಒಂದೇ ಬಾಗು ಬಾಗಿದ್ದವು.

ನಾನು ಸರ್ ಅವರ ಕುರ್ಚಿಯಲ್ಲೇ ಕೂತು ಒಂದರಿಂದ ಒಂದು ಕಳೆದೆ. ಮೊದಲ ದಿನ ಹನ್ನೆರಡು ಇಳಿದಿದೆ. ಎರಡನೆಯ ದಿನ ಒಂಬತ್ತು. ಮೂರನೆಯ ದಿನ ಏಳು. ತುಂಬಿದ್ದಾಗ ಹೆಚ್ಚು, ಖಾಲಿಯಾಗುತ್ತ ಬಂದಂತೆ ಕಡಿಮೆ. ಮೂರು ಮನೆಯಲ್ಲೂ ಅದೇ ಲೆಕ್ಕ. ಯಾವ ಕಳ್ಳ ಹೀಗೆ ಕದಿಯುತ್ತಾನೆ? ಮೂರು ಮನೆಗೆ ಬೇರೆ ಬೇರೆ ದಿನ ಹೋಗಿ, ಮೊದಲ ದಿನ ಇಷ್ಟು, ಮರುದಿನ ಅದಕ್ಕಿಂತ ಕಮ್ಮಿ ಅಂತ ಅಳೆದು ಅಳೆದು ತೆಗೆಯುವ ಕಳ್ಳ ಎಲ್ಲಿದ್ದಾನೆ? ಇದನ್ನು ದಿನಾ ಕೂಗಿದವನು ನಾನು. ಒಂದು ದಿನ, ಒಂದೇ ಒಂದು ದಿನ ಕೂತು ಕಳೆದು ನೋಡಿದ್ದರೆ ನನಗೇ ತಿಳಿಯುತ್ತಿತ್ತು.

"ಓ, ನೋಡಿಬಿಟ್ಟೆಯಾ?" ಬಾಗಿಲಲ್ಲಿ ಸರ್.

ಇಲ್ಲಿಂದ ಮುಂದೆ ಆ ಮನುಷ್ಯನನ್ನು ನಾನು ಅವರು ಎಂದು ಬರೆಯುವುದಿಲ್ಲ.

"ಬಾಟಲಿ ತಾನೇ ಇಳೀತದ," ಅಂದೆ.

ಅವನು ಅಡಗಿಸಲಿಲ್ಲ. ಅಡಗಿಸಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ಕುರ್ಚಿ ಎಳೆದುಕೊಂಡು ಕೂತು, ಚಹಾ ಬಗ್ಗಿಸುತ್ತ, ಪಾಠ ಹೇಳುವವನ ಹಾಗೆ ಹೇಳಿದ. ಬಾಟಲಿಯೊಳಗೆ ನಿಕ್ಕಲ್ಲಿನ ತಟ್ಟೆಗಳಿವೆ. ಚಾರ್ಜ್ ಅಡಗಿರುವುದು ಅವುಗಳಲ್ಲಿ. ಸುತ್ತ ಹೈಡ್ರೋಜನ್ ಅನಿಲ ಒತ್ತಿಕೊಂಡು ನಿಂತಿರುತ್ತದೆ. ಬೇರೆ ಬ್ಯಾಟರಿಗಳಲ್ಲಿ ಎರಡನ್ನೂ ದೂರ ಇಡುತ್ತಾರೆ. ಇದರಲ್ಲಿ ಅನಿಲಕ್ಕೆ ಗೋಡೆಯಿಲ್ಲ. ಅದು ಸುಮ್ಮನಿದ್ದಲ್ಲೇ ತಟ್ಟೆಗೆ ತಾಗಿ, ತಂತಿಯ ಹಂಗಿಲ್ಲದೆ, ಚಾರ್ಜನ್ನು ಒಳಗೊಳಗೇ ತಿಂದು ತಾನೂ ಮುಗಿಯುತ್ತದೆ. ಹೊರಗೆ ಏನೂ ಹೋಗುವುದಿಲ್ಲ. ಒತ್ತಡ ಹೆಚ್ಚಿದ್ದಷ್ಟೂ ಬೇಗ, ಬಿಸಿ ಹೆಚ್ಚಿದ್ದಷ್ಟೂ ಇನ್ನೂ ಬೇಗ.

"ಉಪಗ್ರಹದಲ್ಲಿ ಇದು ತೊಂದರೆಯಲ್ಲ. ಅಲ್ಲಿ ಬ್ಯಾಟರಿಯನ್ನು ತಣ್ಣಗಿಡುತ್ತಾರೆ, ಭೂಮಿಯ ನೆರಳು ಬರೋದೂ ಸ್ವಲ್ಪ ಹೊತ್ತು, ಸೂರ್ಯ ಮತ್ತೆ ತುಂಬಿಬಿಡ್ತಾನೆ. ಹಾರಿಸೋ ಮುಂಚೆ ತುಂಬಿಸಿ ಮೂರು ದಿನ ಸುಮ್ಮನೆ ನಿಲ್ಲಿಸಿ ನೋಡೋ ಪರೀಕ್ಷೆ ಒಂದಿದೆ. ಹತ್ತು ಡಿಗ್ರಿಯಲ್ಲಿ ಏನಾಗುತ್ತೆ, ಇಪ್ಪತ್ತರಲ್ಲಿ ಏನಾಗುತ್ತೆ, ಎಲ್ಲರಿಗೂ ಗೊತ್ತು. ನಲವತ್ತೈದರಲ್ಲಿ, ಜನ ಬದುಕೋ ಮನೆಯಲ್ಲಿ ಏನಾಗುತ್ತೆ? ನಮ್ಮ ಕಂಪನಿ ಇದನ್ನ ನೂರು ಊರಿಗೆ ಕೊಡಬೇಕು ಅಂತಿದೆ. ಆ ಅಂಕಿ ಯಾರ ಹತ್ತಿರವೂ ಇರಲಿಲ್ಲ."

ಮೂರು ದಿನ. ಮೊಹರು ಶಿಕ್ಷೆಯಲ್ಲ. ಪರೀಕ್ಷೆ.

"ಮೊದಲಾ ಹೇಳಿದ್ರ ಏನಾಗ್ತಿತ್ತು?"

"ಹೇಳಿದ್ದರೆ ನೀವು ಒದ್ದೆ ಗೋಣಿ ಹೊದಿಸ್ತಿದ್ರಿ, ನೆರಳಿಗೆ ಎತ್ತಿಡ್ತಿದ್ರಿ. ಅಂಕಿ ಕೆಡುತ್ತಿತ್ತು."

"ನನ್ ಮಾವಗ ಕಳ್ಳ ಅಂದ್ರಲ್ಲ!"

"ನಾನು ಯಾರನ್ನೂ ಕಳ್ಳ ಅಂದಿಲ್ಲ ಸಾಬಣ್ಣ. ನೆನಪು ಮಾಡ್ಕೋ. ಅನಿಲ ಹೊರಗೆ ಹೋಗಿಲ್ಲ ಅಂದೆ. ಅದು ನಿಜ. ಉಳಿದದ್ದು ನೀವೇ ಅಂದಿದ್ದು." ಚಹಾದ ಲೋಟ ನನ್ನ ಕಡೆ ಸರಿಸಿದ. "ವರದಿಯಲ್ಲಿ ನಿನ್ನ ಹೆಸರು ಹಾಕಿದ್ದೀನಿ. ಕೊನೆಯ ಪುಟದಲ್ಲಿ, ಕೃತಜ್ಞತೆ ಅಂತ. ಎಂಟನೇ ಕ್ಲಾಸು ಬಿಟ್ಟವನ ಹೆಸರು ಅಂಥ ಕಡೆ ಬರೋದು ಸಣ್ಣ ಮಾತಲ್ಲ."

ಲೋಟವನ್ನು ಗೋಡೆಗೆ ಎಸೆದು ಹೊರಗೆ ಬಂದೆ.

ಮೌಲಾಲಿ ಕಾಕಾ ನನ್ನ ಮಾತನ್ನು ಪೂರ್ತಿ ಕೇಳಿದ. ಕೇಳಿ, "ನಿಮ್ಮ ಮಾವನ ಉಳಸ್ಕೊಳ್ಳಿಕ್ಕ ಕಥಿ ಕಟ್ಲತ್ತೀ," ಅಂದ. ತಪ್ಪು ಅವನದಲ್ಲ. ಅವನಿಗೂ ಸಾಬೂನು ನೊರೆ ತೋರಿಸಿದ್ದರು.

"ನನ್ನ ನಂಬಬ್ಯಾಡ ಕಾಕಾ. ನಿನ್ನ ಕೀಲಿ ಹಾಕು."

ಎರಡು ಚೌಕಟ್ಟು. ಎರಡನ್ನೂ ಐವತ್ತಕ್ಕೆ ತುಂಬಿಸಿ, ತಂತಿ ಬಿಚ್ಚಿ, ಕಬ್ಬಿಣದ ಪೆಟ್ಟಿಗೆಗಳಲ್ಲಿಟ್ಟು ಕಾಕಾ ತನ್ನದೇ ಕೀಲಿ ಹಾಕಿದ. ಮುಳ್ಳು ಕಾಣಲು ಮಾತ್ರ ಒಂದು ಕಿಂಡಿ. ಒಂದು ಪೆಟ್ಟಿಗೆ ಕಾಶಿಂಬಿಯ ತಗಡಿನ ಮನೆಯಲ್ಲಿ. ಇನ್ನೊಂದನ್ನು ಹಗ್ಗ ಕಟ್ಟಿ ಖಣಿಯ ತಳಕ್ಕೆ ಇಳಿಸಿದೆವು. ಅಲ್ಲಿ ನೀರು ನಿಂತಿದೆ, ಬಿಸಿಲು ಬೀಳುವುದಿಲ್ಲ. ನೀರಿನ ಮೇಲಿನ ಕಲ್ಲಿನ ಹಾಸಿನಲ್ಲಿಟ್ಟು ಒದ್ದೆ ಗೋಣಿ ಹೊದಿಸಿದೆವು. ಕಾಯಲು ಕಾಶಿಂಬಿಯ ಮನೆಯಲ್ಲಿ ಫರ್ಶಿ ಸಾಲಿನ ಗುರುಲಿಂಗ, ಖಣಿಯಲ್ಲಿ ತಗಡಿನ ಸಾಲಿನ ಇಬ್ಬರು.

ಗುರುಲಿಂಗ ಮೊದಲ ಮಧ್ಯಾಹ್ನವೇ ಅಂಗಿ ಬಿಚ್ಚಿ ಒದ್ದಾಡಿದ. "ಯವ್ವಾ, ಇದು ಮನೀನೋ ತಂದೂರೋ?"

"ಇಪ್ಪತ್ತ್ ವರ್ಷ ಆಯ್ತು, ಈಗ ಕೇಳ್ಲತ್ತೀ," ಅಂದಳು ಕಾಶಿಂಬಿ. "ಕೂಡು. ಇನ್ನಾ ಎರಡು ದಿನ ಅದ."

ನಾಲ್ಕನೆಯ ಮುಂಜಾನೆ ಎರಡು ಪೆಟ್ಟಿಗೆಗಳನ್ನೂ ಕಾಟಾದ ಮೇಲೆ ತಂದಿಟ್ಟರು. ಆವತ್ತು ನಾನು ಕೂಗಲಿಲ್ಲ. ಕಾಕಾನೇ ಕನ್ನಡಕ ಹಾಕಿಕೊಂಡು ಬಗ್ಗಿದ. ತಗಡಿನ ಮನೆಯದು ಇಪ್ಪತ್ತೆರಡು. ಖಣಿಯದು ಮೂವತ್ತೇಳು. ಎರಡು ಸಲ ನೋಡಿದ. ಕೀಲಿ ತಿರುಗಿಸಿ ನೋಡಿದ. ಆಮೇಲೆ ಕಾಟಾದ ಅಂಚಿಗೆ ಹೋಗಿ ಕೂತುಬಿಟ್ಟ.

"ಯಾ ಅಲ್ಲಾ. ಎಂಥಾ ಮನಷಾನ ಕಳಸಿಬಿಟ್ವಿ ನಾವು."

ಇಷ್ಟು ಹೇಳಿದವನು ಅವನೊಬ್ಬ. ಉಳಿದವರೆಲ್ಲ ಆಗಲೇ ಬಾಟಲಿ ಎಲ್ಲಿಡುವುದು ಎಂಬ ಮಾತಿಗೆ ಬಿದ್ದಿದ್ದರು. ಖಣಿಗೆ ಇಳಿಸೋಣ, ಗೋಣಿ ಎಷ್ಟು ಬೇಕು, ತಂತಿ ಮೇಲಕ್ಕೆ ಹೇಗೆ ಎಳೆಯುವುದು. ಗುರುಲಿಂಗ ನನ್ನ ಹೆಗಲಿಗೆ ಗುದ್ದಿ, "ಹೋಗ್ಲಿ ಬಿಡಪಾ ಮುಳ್ಳಪ್ಪಾ, ಆಗಿದ್ದಾಯ್ತು," ಅಂದ. ಅವನಿಗೆ ಆದದ್ದೇನು?

ನಿರಂಜನನೂ ಬಂದಿದ್ದ. ಖಣಿಯ ತಳದ ಬಿಸಿ ಎಷ್ಟಿತ್ತು ಅಂತ ಕಾವಲಿದ್ದವರನ್ನು ಕೇಳಿ ಪುಸ್ತಕದಲ್ಲಿ ಗುರುತು ಮಾಡಿಕೊಳ್ಳುತ್ತಿದ್ದ. "ಒದ್ದೆ ಗೋಣಿಯಲ್ಲಿ ಮುಳ್ಳು ಮೂವತ್ತೇಳಕ್ಕೆ. ಇದು ನನ್ನ ಹತ್ತಿರ ಇರಲಿಲ್ಲ. ಒಳ್ಳೆ ಕೆಲಸ ಸಾಬಣ್ಣ."

ಪುಸ್ತಕ ಕಸಿದು ಖಣಿಯ ನೀರಿಗೆ ಎಸೆದೆ. ಅವನು ಜೇಬಿನಿಂದ ಫೋನು ತೆಗೆದು, ಅದೇ ಅಂಕಿಯನ್ನು ಅದರಲ್ಲಿ ಒತ್ತಿಕೊಂಡ. ವಾರದೊಳಗೆ ಅವನನ್ನು ಬೇರೆ ಊರಿಗೆ ಹಾಕಿದರು. ದೊಡ್ಡ ಹುದ್ದೆಗೆ.

ಆವತ್ತು ನಾನು ಕಾಟಾದಿಂದ ಓಡಿಕೊಂಡೇ ಮನೆಗೆ ಹೋದೆ. "ಅಕ್ಕಾ! ಮಾವ ಕಳ್ಳ ಅಲ್ಲ. ಎಲ್ಲರ ಮುಂದ ಆಯ್ತು. ಕಾಕಾನೇ ನೋಡಿದ."

ಅಕ್ಕ ಒಲೆಯ ಮುಂದೆ ಕೂತಿದ್ದವಳು ಏಳಲಿಲ್ಲ. ಬೂದಿಯನ್ನು ನೋಡುತ್ತ ಹೇಳಿದಳು.

"ಆವತ್ತ ಕಾಟಾದಿಂದ ಬಂದ್ರಲ್ಲ, ಬಾಗಲಾ ಹಾಕಿ ನಾ ಒಂದ್ ಮಾತ ಕೇಳಿದೆ ತಮ್ಮಾ. ಖರೇನಾ ನೀವು ತಗೊಂಡಿಲ್ಲೇನ್ರಿ, ನನಗಾದ್ರೂ ಹೇಳ್ರಿ ಅಂದೆ. ಅವರು ಊರ ಬಿಟ್ಟಿದ್ದು ಅದಕ್ಕ. ನಿನ್ನ ಮಾತಿಗಿ ಅಲ್ಲ. ನನ್ನ ಮಾತಿಗಿ."

ಮಾವ ಎರಡು ತಾಲೂಕು ಆಚೆ ಒಂದು ಸಿಮೆಂಟಿನ ಗೋದಾಮಿನಲ್ಲಿ ವೈರಿಂಗ್ ಕೆಲಸಕ್ಕೆ ನಿಂತಿದ್ದಾನೆ ಎಂದು ಲಾರಿಯವರಿಂದ ತಿಳಿಯಿತು. ಮರುದಿನ ಮುಂಜಾನೆಯ ಬಸ್ಸಿಗೆ ನಾನೂ ಅಕ್ಕನೂ ಹೊರಟೆವು. ಗೋದಾಮು ರಸ್ತೆಗೇ ಇತ್ತು. ಅಕ್ಕ ಎದುರಿನ ಬೇವಿನ ಗಿಡದ ಕೆಳಗೆ ನಿಂತಳು. "ನೀ ಹೋಗು ಮೊದಲ. ನನ್ನ ನೋಡಿದ್ರ ಮಾತಾಡ್ಲಿಕ್ಕಿಲ್ಲ."

ಅವನು ಏಣಿಯ ಮೇಲಿದ್ದ. ಇಳಿಯಲಿಲ್ಲ. ನಾನು ಕೆಳಗಿನಿಂದಲೇ ಎಲ್ಲ ಹೇಳಿದೆ: ಬಾಟಲಿಯೊಳಗೆ ಅನಿಲ ತಟ್ಟೆಯನ್ನು ತಿನ್ನುವುದು, ಬಿಸಿಯಾದಷ್ಟೂ ಬೇಗ ತಿನ್ನುವುದು, ಮೂರು ದಿನದ ಪರೀಕ್ಷೆ, ಕಾಕಾನ ಕೀಲಿ. ಅವನು ಎರಡು ತಂತಿಗಳನ್ನು ಹೊಸೆಯುತ್ತ ಕೇಳಿದ.

"ಖಣಿಯಾಗ ಎಷ್ಟ್ ಉಳೀತು?"

"ಮೂವತ್ತೇಳು."

ಅವನ ಕೈ ನಿಂತಿತು. ಮುಖದಲ್ಲಿ ಹಳೆಯ ಬೆಳಕು ಬಂತು. "ಹಂಗಾದ್ರ ಎಲ್ಲಾ ಬಾಟಲಿ ಖಣಿಯಾಗ ಇಟ್ಟು, ಮ್ಯಾಲ ದಪ್ಪ ವೈರ್ ಎಳೀಬೇಕು. ಸಣ್ಣದು ಎಳದ್ರ ದಾರಿಯಾಗ ಸಾಯ್ತದ ಕರೆಂಟು. ಜಲ್ಲಿ ಕ್ರಷರ್ ಕಡೀ ಗ್ವಾಡಿಗಿ ಹಿಡದು ಬಾ, ಅಲ್ಲಿ ನೀರ ಇಳಿಯಂಗಿಲ್ಲ. ಒಂದೊಂದು ಮನಿಗಿ ಬ್ಯಾರೆ ಬ್ಯಾರೆ ಎಳೀರಿ. ಜೋಡಿಸಿದ್ರ ಮತ್ತ ಕಳ್ಳರು ಹುಟ್ತಾರ."

"ನೀವಾ ಬಂದು ಎಳೀರಿ ಮಾವ. ಕಾಕಾ ಕಳಸ್ಯಾನ. ಎಲ್ಲರಿಗೂ ಗೊತ್ತಾಗ್ಯದ, ನೀವು ಕಳ್ಳ ಅಲ್ಲ."

"ನನಗ ಮೊದಲಾ ಗೊತ್ತಿತ್ತು," ಅಂದ.

ತಂತಿಯ ತುದಿಗೆ ಪಟ್ಟಿ ಸುತ್ತಿದ. ಹಲ್ಲಿನಲ್ಲಿ ಕಚ್ಚಿ ಹರಿದ. ಆಮೇಲೆ ಮೊದಲ ಬಾರಿಗೆ ನನ್ನನ್ನು ನೇರ ನೋಡಿದ.

"ಬಾಟಲಿ ತಾನೇ ಖಾಲಿ ಆಗ್ತದ ಅಂತ ತಿಳದ ಮ್ಯಾಲ ನೀವು ನನ್ನ ನಂಬೀರಿ. ತಿಳೀದಿದ್ರ?"

ಆ ಪ್ರಶ್ನೆಯನ್ನು ನಾನು ನಿರಂಜನನ ಮುಖಕ್ಕೆ ಉಗುಳಲಾರೆ, ಗುರುಲಿಂಗನ ಮುಖಕ್ಕೂ ಉಗುಳಲಾರೆ. ಅವರಾರೂ ಅವನ ತಟ್ಟೆಯ ರೊಟ್ಟಿ ತಿಂದವರಲ್ಲ.

"ನಾ ಹೇಳಿದ್ದು ನೆನಪಿಟ್ಕೋ. ದಪ್ಪ ವೈರು. ಕ್ರಷರ್ ಕಡೀ ಗ್ವಾಡಿ," ಅಂದು ಅವನು ಏಣಿಯ ಮೇಲೆ ಇನ್ನೊಂದು ಮೆಟ್ಟಿಲು ಹತ್ತಿದ.

ಹೊರಗೆ ಬಂದೆ. ಅಕ್ಕ ನನ್ನ ಮುಖ ನೋಡಿದಳು. ಸೆರಗು ಸರಿಮಾಡಿಕೊಂಡು, ರಸ್ತೆ ದಾಟಿ, ಗೋದಾಮಿನೊಳಗೆ ಹೋದಳು.

ಬೇವಿನ ಗಿಡದ ಕೆಳಗೆ ನಿಂತೆ. ಸ್ವಲ್ಪ ಹೊತ್ತಿಗೆ ಒಳಗೆ ಏಣಿಯನ್ನು ನೆಲದ ಮೇಲೆ ಎಳೆದ ಸದ್ದಾಯಿತು. ಗಿಡದ ನೆರಳು ನನ್ನನ್ನು ಬಿಟ್ಟು ಪಕ್ಕಕ್ಕೆ ಸರಿಯಿತು. ಅಕ್ಕ ಹೊರಗೆ ಬರಲಿಲ್ಲ.

ಮೂರು ಗಂಟೆಗೆ ಬಸ್ಸು ಬಂತು. ಮುಂಜಾನೆ ನಮ್ಮನ್ನು ಕರೆತಂದ ಕಂಡಕ್ಟರೇ. ನನ್ನ ಹಿಂದೆ ಇಣುಕಿ ನೋಡಿ, "ಎರಡು ಟಿಕೀಟೇನಪಾ?" ಅಂದ.

"ಒಂದಾ," ಅಂದೆ.